ಲೋಡ್ ಏರಿದೊಡನೆ ಚಿಲ್ಲರ್ ಲೋ ಸಕ್ಷನ್ ಪ್ರೆಶರ್ ಎಂದು ಟ್ರಿಪ್ ಆಗುತ್ತಿದೆ. ಗ್ಯಾಸ್ ತುಂಬಿಸಿದರೂ ಸರಿಹೋಗಿಲ್ಲ

ಪೀಣ್ಯ_ಪಾಳಿ:

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಕಾರ್ಖಾನೆಯಲ್ಲಿ ಯುಟಿಲಿಟಿ ವಿಭಾಗ ನನ್ನ ಜವಾಬ್ದಾರಿ. ನಮ್ಮಲ್ಲಿರುವುದು 200 ಟನ್‌ನ ವಾಟರ್ ಕೂಲ್ಡ್ ಸ್ಕ್ರೂ ಚಿಲ್ಲರ್, ಅಂದರೆ ನೀರು ತಣಿಸುವ ಯಂತ್ರ (ಟನ್ ಎಂದರೆ ತಣಿಸುವ ಸಾಮರ್ಥ್ಯದ ಅಳತೆ). ಗ್ಯಾಸ್ ಆರ್-134ಎ. ನೀರಿನ ಶಾಖ ಹೀರುವ ಭಾಗವಾದ ಇವಾಪೊರೇಟರಿನ ಟ್ಯೂಬಿನೊಳಗೆ ಗ್ಯಾಸ್ ಹರಿಯುತ್ತದೆ, ಶೆಲ್ಲಿನಲ್ಲಿ ನೀರು ಹರಿಯುತ್ತದೆ. ಇವಾಪೊರೇಟರಿಗೆ ಎಷ್ಟು ಗ್ಯಾಸ್ ಬಿಡಬೇಕೆಂದು ನಿಯಂತ್ರಿಸುವ ಎಕ್ಸ್‌ಪಾನ್ಷನ್ ವಾಲ್ವನ್ನು ಕಂಟ್ರೋಲರ್ ಸ್ಟೆಪ್ಪರ್ ಮೋಟಾರಿನ ಮೂಲಕ ತಿರುಗಿಸುತ್ತದೆ.

ಮೂರು ವಾರಗಳಿಂದ ಲೋಡ್ ಶೇ. 70 ದಾಟಿದ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಸಕ್ಷನ್ ಪ್ರೆಶರ್ (ಇವಾಪೊರೇಟರಿನಿಂದ ಕಂಪ್ರೆಸರಿಗೆ ಬರುವ ಗ್ಯಾಸಿನ ಒತ್ತಡ) ನಿಧಾನವಾಗಿ ಇಳಿದು 1.5 ಬಾರ್‌ಗೆ ಮುಟ್ಟುತ್ತದೆ, ಯಂತ್ರ ಟ್ರಿಪ್ ಆಗುತ್ತದೆ. ರಾತ್ರಿ ಪಾಳಿಯಲ್ಲಿ ಅರ್ಧ ಲೋಡ್ ಇರುವಾಗ ಯಾವ ತಕರಾರೂ ಇಲ್ಲ. ಸರ್ವಿಸ್‌ಗೆ ಬಂದವರು ಗ್ಯಾಸ್ ಕಡಿಮೆಯಿದೆ ಎಂದು 12 ಕೆ.ಜಿ. ತುಂಬಿಸಿ ಹೋದರು. ಎರಡು ದಿನ ಲೋಡೂ ಕಡಿಮೆಯಿತ್ತು, ಯಂತ್ರವೂ ಓಡಿತು. ಮೂರನೆಯ ದಿನ ಮತ್ತೆ ಅದೇ ಕಥೆ. ಈಗ ಗ್ಯಾಸ್ ಶಾಖ ಬಿಟ್ಟು ದ್ರವವಾಗುವ ಕಂಡೆನ್ಸರಿನ ಪ್ರೆಶರ್ ಕೂಡ 9.2ರಿಂದ 9.9 ಬಾರ್‌ಗೆ ಏರಿದೆ. ಟ್ರಿಪ್ ಆಗುವ ಸ್ವಲ್ಪ ಮೊದಲು ಡಿಸ್‌ಪ್ಲೇಯಲ್ಲಿ ಕಂಡದ್ದು: ಸಕ್ಷನ್ ಪ್ರೆಶರ್ 1.7 ಬಾರ್, ಸಕ್ಷನ್ ಉಷ್ಣಾಂಶ 3 ಡಿಗ್ರಿ, ಸೂಪರ್‌ಹೀಟ್ (ಆ ಒತ್ತಡದಲ್ಲಿ ಗ್ಯಾಸ್ ಕುದಿಯುವ ಉಷ್ಣಾಂಶಕ್ಕಿಂತ ಸಕ್ಷನ್ ಗ್ಯಾಸ್ ಎಷ್ಟು ಬಿಸಿಯಿದೆ ಎಂಬ ಅಂತರ) 5 ಡಿಗ್ರಿ, ವಾಲ್ವ್ ಶೇ. 31 ತೆರೆದಿದೆ. ನೀರು 13ಕ್ಕೆ ಒಳಬಂದು 8ಕ್ಕೆ ಹೊರಹೋಗುತ್ತಿತ್ತು. ದಯವಿಟ್ಟು ದಾರಿ ತೋರಿಸಿ.

ಟವರ್_ನೀರು:

ಮೊದಲು ನೀರಿನ ಕಡೆ ನೋಡಿ ಸರ್. ನೀರು ಸೋಸುವ ಸ್ಟ್ರೈನರ್ ಕಟ್ಟಿಕೊಂಡಿದ್ದರೆ ಇದೇ ಲಕ್ಷಣ ಕಾಣಿಸುತ್ತದೆ. ಉತ್ಪಾದನೆ ನಿಲ್ಲಬಾರದು ಎಂದಿದ್ದರೆ ಸದ್ಯಕ್ಕೆ ಟ್ರಿಪ್ ಮಿತಿಯನ್ನು 1.2 ಬಾರ್‌ಗೆ ಇಳಿಸಿ ಓಡಿಸಬಹುದು.

ಕಿಲೋಓಂ:

ಮಿತಿಯನ್ನು ದಯವಿಟ್ಟು ಮುಟ್ಟಬೇಡಿ. 1.9 ಬಾರ್ ಗೇಜ್ ಒತ್ತಡದಲ್ಲಿ ಆರ್-134ಎ ಸೊನ್ನೆ ಡಿಗ್ರಿಗೆ ಕುದಿಯುತ್ತದೆ. 1.7ರಲ್ಲಿ ಅದು ಮೈನಸ್ 2 ಡಿಗ್ರಿ; ಅಂದರೆ ನಿಮ್ಮ ಟ್ಯೂಬುಗಳ ಒಳಮೈ ಆಗಲೇ ಹೆಪ್ಪುಗಟ್ಟುವ ಅಂಚಿನಲ್ಲಿದೆ. ಇನ್ನೂ ಇಳಿಸಿದರೆ ಹೊರಗಿನ ನೀರು ಮಂಜುಗಡ್ಡೆಯಾಗಿ ಟ್ಯೂಬ್ ಒಡೆಯಬಹುದು. ಒಂದು ಟ್ಯೂಬ್ ಒಡೆದು ಗ್ಯಾಸ್ ಸರ್ಕಿಟ್ಟಿಗೆ ನೀರು ನುಗ್ಗಿದರೆ ಕಂಪ್ರೆಸರ್ ಸಮೇತ ಇಡೀ ಯಂತ್ರ ಕೈಬಿಟ್ಟಂತೆಯೇ.

ನೀವು ಕೊಟ್ಟ ಅಂಕಿಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಆ ಶೇ. 31. ಗ್ಯಾಸ್ ನಿಜವಾಗಿಯೂ ಕಡಿಮೆಯಿದ್ದಿದ್ದರೆ ಸೂಪರ್‌ಹೀಟ್ ಏರುತ್ತಿತ್ತು, ಅದನ್ನು ಇಳಿಸಲು ಕಂಟ್ರೋಲರ್ ವಾಲ್ವನ್ನು ತೆರೆಯುತ್ತಾ ಹೋಗಿ ಕೊನೆಗೆ ಪೂರ್ತಿ ತೆರೆದ ಸ್ಥಿತಿಯಲ್ಲಿ ನಿಲ್ಲುತ್ತಿತ್ತು. ಇಲ್ಲಿ ಆಗಿರುವುದು ತದ್ವಿರುದ್ಧ: ಪ್ರೆಶರ್ ಇಳಿಯುತ್ತಿದೆ, ವಾಲ್ವೂ ಮುಚ್ಚುತ್ತಿದೆ, ಕಂಟ್ರೋಲರ್ ಮಾತ್ರ ಸೂಪರ್‌ಹೀಟ್ 5ರಲ್ಲೇ ಇದೆ ಎಂದು ನೆಮ್ಮದಿಯಾಗಿದೆ. ಹೀಗಾಗಲು ಎರಡು ದಾರಿಗಳಿವೆ. ಒಂದು, ಇವಾಪೊರೇಟರಿಗೆ ಶಾಖ ಸಾಲುತ್ತಿಲ್ಲ. ಅಂದರೆ ಟವರ್_ನೀರು ಅವರು ಹೇಳಿದಂತೆ ನೀರಿನ ಹರಿವು ಕಡಿಮೆಯಾಗಿದೆ ಅಥವಾ ಟ್ಯೂಬಿನ ಮೇಲೆ ಪದರ ಕಟ್ಟಿದೆ. ಇನ್ನೊಂದು, ಸಕ್ಷನ್ ಪೈಪಿನ ಉಷ್ಣಾಂಶ ಸೆನ್ಸರ್ ಸುಳ್ಳು ಹೇಳುತ್ತಿದೆ.

ಪೂರ್ತಿ ಲೋಡಿನಲ್ಲಿ 5 ಡಿಗ್ರಿ ವ್ಯತ್ಯಾಸಕ್ಕೆ 200 ಟನ್ ಯಂತ್ರಕ್ಕೆ ಗಂಟೆಗೆ ಸುಮಾರು 120 ಘನ ಮೀಟರ್ ನೀರು ಬೇಕು. ನಿಮ್ಮ ಹರಿವು ಎಷ್ಟಿದೆ? ಕಳೆದ ತಿಂಗಳು ಇದೇ ಲೋಡಿನಲ್ಲಿ ವಾಲ್ವ್ ಎಷ್ಟು ತೆರೆದಿತ್ತು? ಮೂರು ವಾರದ ಹಿಂದೆ ಆ ಯಂತ್ರದ ಹತ್ತಿರ ಏನಾದರೂ ಕೆಲಸ ನಡೆದಿತ್ತೇ?

ಪೀಣ್ಯ_ಪಾಳಿ:

ಸ್ಟ್ರೈನರ್ ಕಳೆದ ವಾರ ಬಿಚ್ಚಿ ತೊಳೆದಿದ್ದೇವೆ. ಫ್ಲೋ ಮೀಟರ್ 118 ತೋರಿಸುತ್ತಿದೆ. ಹಳೆಯ ಲಾಗ್ ತೆಗೆದು ನೋಡಿದೆ: ಇದೇ ಲೋಡಿನಲ್ಲಿ ಹಿಂದೆ ವಾಲ್ವ್ ಶೇ. 52ರ ಆಸುಪಾಸಿನಲ್ಲಿತ್ತು, ಸಕ್ಷನ್ ಪ್ರೆಶರ್ 2.3 ಬಾರ್ ಇತ್ತು. ಯಂತ್ರದ ಮೇಲೆ ಯಾವ ಕೆಲಸವೂ ಆಗಿಲ್ಲ ಎಂದು ಬರೆಯಲು ಹೊರಟಿದ್ದೆ. ಆದರೆ ಸಕ್ಷನ್ ಪೈಪಿನ ಇನ್ಸುಲೇಶನ್ ಹರಿದು ನೀರು ತೊಟ್ಟಿಕ್ಕುತ್ತಿತ್ತೆಂದು ಗುತ್ತಿಗೆದಾರರ ಹುಡುಗರು ಹೊಸದಾಗಿ ಸುತ್ತಿದ್ದರು. ಅದು ಸರಿಸುಮಾರು ಆ ಸಮಯದಲ್ಲೇ.

ಕಿಲೋಓಂ:

ಹಾಗಿದ್ದರೆ ಆ ಇನ್ಸುಲೇಶನ್ನನ್ನು ಬಿಚ್ಚಿಸಿ. ಅದಕ್ಕೆ ಮೊದಲು ಒಂದು ಪರೀಕ್ಷೆ ಮಾಡಿ. ಸೆನ್ಸರ್ ಇರುವ ಜಾಗದ ಪಕ್ಕದಲ್ಲೇ ಪೈಪಿನ ಮೈ ಒರೆಸಿ, ಬೇರೊಂದು ಡಿಜಿಟಲ್ ಥರ್ಮಾಮೀಟರಿನ ಪ್ರೋಬ್ ಕಟ್ಟಿ, ಮೇಲೆ ಇನ್ಸುಲೇಶನ್ ಮುಚ್ಚಿ ಹತ್ತು ನಿಮಿಷ ಬಿಡಿ. ಮುಚ್ಚದೆ ಅಳೆದರೆ ಕೋಣೆಯ ಬಿಸಿ ಸೇರಿಕೊಳ್ಳುತ್ತದೆ. ಪ್ರೆಶರನ್ನು ಕೈ ಗೇಜಿನಲ್ಲೂ ನೋಡಿ. ಗೇಜು ಡಿಸ್‌ಪ್ಲೇಗಿಂತ 0.1 ಬಾರ್ ಹೆಚ್ಚು ತೋರಿಸಿದರೆ ಗಾಬರಿಯಾಗಬೇಡಿ. ಬೆಂಗಳೂರಿನ ಎತ್ತರದಲ್ಲಿ ವಾಯುಭಾರ ಸುಮಾರು 0.91 ಬಾರ್ ಮಾತ್ರ, ಕೆಲವು ಪ್ರೆಶರ್ ಸೆನ್ಸರ್‌ಗಳಲ್ಲಿ ಸಮುದ್ರಮಟ್ಟದ 1.013 ಬಾರನ್ನೇ ಸೊನ್ನೆಯಾಗಿ ಹಿಡಿದು ಮುಚ್ಚಿರುತ್ತಾರೆ. ಈ ಸಣ್ಣ ಅಂತರವೇ ಸೂಪರ್‌ಹೀಟ್ ಲೆಕ್ಕದಲ್ಲಿ ಒಂದು ಡಿಗ್ರಿ ಆಗುತ್ತದೆ.

ಆಮೇಲೆ ಯಂತ್ರ ನಿಲ್ಲಿಸಿ, ಕಂಟ್ರೋಲರ್ ಬೋರ್ಡಿನಿಂದ ಆ ಸೆನ್ಸರಿನ ಎರಡು ತಂತಿಗಳನ್ನು ಬಿಡಿಸಿ ಮಲ್ಟಿಮೀಟರಿನಲ್ಲಿ ಓಂ ಅಳೆಯಿರಿ. ನಿಮ್ಮ ಯಂತ್ರದ ಕೈಪಿಡಿಯಲ್ಲಿ ಕೋಷ್ಟಕ ಇರುತ್ತದೆ. ಸಾಮಾನ್ಯವಾಗಿ ಬಳಸುವ 10 ಕಿಲೋ ಓಂ ಥರ್ಮಿಸ್ಟರಾದರೆ 25 ಡಿಗ್ರಿಯಲ್ಲಿ 10, 5 ಡಿಗ್ರಿಯಲ್ಲಿ ಸುಮಾರು 25, ಸೊನ್ನೆಯಲ್ಲಿ ಸುಮಾರು 32 ಕಿಲೋ ಓಂ. ತಂಪಾದಷ್ಟೂ ಪ್ರತಿರೋಧ ಹೆಚ್ಚು. ಆದ್ದರಿಂದ ಜೋಡಣೆಯಲ್ಲೆಲ್ಲೋ ತುಕ್ಕು ಹಿಡಿದು ಕೆಲವು ಕಿಲೋ ಓಂ ಸೇರಿಕೊಂಡರೆ ಕಂಟ್ರೋಲರ್ ಅದನ್ನು ಚಳಿ ಎಂದೇ ಓದುತ್ತದೆ. ಪೈಪ್ ಇರುವುದಕ್ಕಿಂತ ತಂಪಾಗಿದೆ ಎಂದುಕೊಂಡು, ದ್ರವ ಕಂಪ್ರೆಸರಿಗೆ ಹೋಗದಿರಲೆಂದು ವಾಲ್ವ್ ಮುಚ್ಚುತ್ತದೆ. ಇವಾಪೊರೇಟರ್ ಉಪವಾಸ ಬೀಳುತ್ತದೆ. ಅರ್ಧ ಲೋಡಿನಲ್ಲಿ ಇವಾಪೊರೇಟರಿನ ಮೈ ಧಾರಾಳವಾಗಿರುವುದರಿಂದ ಆ ಉಪವಾಸ ತಡೆಯುತ್ತದೆ, ಪೂರ್ತಿ ಲೋಡಿನಲ್ಲಿ ತಡೆಯುವುದಿಲ್ಲ.

ಟವರ್_ನೀರು:

ಒಪ್ಪಿದೆ, ಮಿತಿ ಇಳಿಸುವ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಒಂದು ಸಂದೇಹವಿದೆ: ಜೋಡಣೆಯಲ್ಲಿ ನೀರು ಹೊಕ್ಕರೆ ಪ್ರತಿರೋಧ ಕಡಿಮೆಯಾಗಬೇಕಲ್ಲವೇ?

ಕಿಲೋಓಂ:

ಒಳ್ಳೆಯ ಪ್ರಶ್ನೆ. ನೀರು ಎರಡು ತಂತಿಗಳ ನಡುವೆ ನಿಂತು ಕರೆಂಟಿಗೆ ಅಡ್ಡದಾರಿ ಕೊಟ್ಟರೆ ಪ್ರತಿರೋಧ ಇಳಿಯುತ್ತದೆ, ಪೈಪ್ ಬಿಸಿಯಾಗಿದೆ ಎಂದು ಕಂಟ್ರೋಲರ್ ಭಾವಿಸಿ ವಾಲ್ವನ್ನು ಅತಿಯಾಗಿ ತೆರೆಯುತ್ತದೆ. ಕಂಪ್ರೆಸರಿಗೆ ದ್ರವ ನುಗ್ಗುವ ಆ ಸ್ಥಿತಿ ಇದಕ್ಕಿಂತ ಅಪಾಯಕರ. ಅದೇ ತೇವ ಒಂದೇ ತಂತಿಯ ಜೋಡಣೆಯನ್ನು ತಿಂದುಹಾಕಿದರೆ ಪ್ರತಿರೋಧ ಏರುತ್ತದೆ. ಇಲ್ಲಿ ವಾಲ್ವ್ ಮುಚ್ಚಿರುವುದನ್ನು ನೋಡಿದರೆ ಎರಡನೆಯದೇ ಇರಬೇಕು.

ಪೀಣ್ಯ_ಪಾಳಿ:

ಭಾನುವಾರ ಉತ್ಪಾದನೆ ನಿಲ್ಲುವ ಮೊದಲು ಒಂದು ಗಂಟೆ ಲೋಡಿನಲ್ಲಿ ಓಡಿಸಿ ಅಳೆದೆವು. ಡಿಸ್‌ಪ್ಲೇ 3 ಡಿಗ್ರಿ ಎಂದಾಗ ಪ್ರೋಬ್ 7 ಡಿಗ್ರಿ ಎಂದಿತು. ಕೈ ಗೇಜು ಡಿಸ್‌ಪ್ಲೇಗೆ ತಾಳೆಯಾಯಿತು. ಅಂದರೆ ನಿಜವಾದ ಸೂಪರ್‌ಹೀಟ್ 9 ಡಿಗ್ರಿ. ಯಂತ್ರ ನಿಲ್ಲಿಸಿದೊಡನೆ, ಪೈಪ್ ಇನ್ನೂ ತಣ್ಣಗಿರುವಾಗಲೇ ಓಂ ಅಳೆದೆವು. ಪ್ಯಾನಲ್ ತುದಿಯಲ್ಲಿ 28 ಕಿಲೋ ಓಂ ಬಂತು, ಕೇಬಲ್ ಹಿಡಿದು ಅಲ್ಲಾಡಿಸಿದರೆ 25ಕ್ಕೂ 31ಕ್ಕೂ ಜಿಗಿಯುತ್ತಿತ್ತು.

ಇನ್ಸುಲೇಶನ್ ಸೀಳಿದಾಗ ಗುಟ್ಟು ರಟ್ಟಾಯಿತು. ಹಳೆಯ ಇನ್ಸುಲೇಶನ್ ಕತ್ತರಿಸುವಾಗ ಸೆನ್ಸರಿನ ವೈರಿಗೂ ಚಾಕು ತಾಗಿರಬೇಕು; ಯಾರಿಗೂ ಹೇಳದೆ ಎರಡು ತುದಿಗಳನ್ನು ಕೈಯಲ್ಲೇ ತಿರುಚಿ, ಕಪ್ಪು ಟೇಪ್ ಸುತ್ತಿ, ಅದರ ಮೇಲೆಯೇ ಹೊಸ ಇನ್ಸುಲೇಶನ್ ಹೊದಿಸಿದ್ದಾರೆ. ಟೇಪಿನ ಅಂಟು ತೇವಕ್ಕೆ ಲೋಳೆಯಾಗಿತ್ತು. ಬಿಚ್ಚಿದರೆ ತಾಮ್ರದ ಎಳೆಗಳ ಮೇಲೆ ಹಳೆಯ ಚೊಂಬಿನ ತಳದಲ್ಲಿರುವಂಥ ಹಸಿರು ಕಿಲುಬು. ಏಳೆಂಟು ಎಳೆಗಳಲ್ಲಿ ಎರಡು ಮಾತ್ರ ಒಂದಕ್ಕೊಂದು ತಾಗಿಕೊಂಡಿದ್ದವು. ಜೋಡಣೆಯಿಂದ ಆಚೆ, ಸೆನ್ಸರಿನ ಕಡೆ ಅಳೆದಾಗ 23 ಕಿಲೋ ಓಂ ಇತ್ತು. ಸೆನ್ಸರಿನಲ್ಲಿ ದೋಷವಿಲ್ಲ, 5 ಕಿಲೋ ಓಂ ಇದ್ದದ್ದು ಆ ಟೇಪಿನೊಳಗೆ.

ಕಿಲೋಓಂ:

ತುದಿಗಳನ್ನು ಹೊಸದಾಗಿ ಸುಲಿದು ಬೆಸುಗೆ ಹಾಕಿ, ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಸಾಧ್ಯವಾದರೆ ಜೋಡಣೆ ಇನ್ಸುಲೇಶನ್ನಿನ ಹೊರಗೆ ಬರಲಿ. ಡಿಸ್‌ಪ್ಲೇ ತಾಳೆಯಾಗಲೆಂದು ಯಾರಾದರೂ ಸೆನ್ಸರ್ ಆಫ್‌ಸೆಟ್ (ಸೆನ್ಸರಿನ ಅಂಕಿಗೆ ಕೂಡಿಸುವ ತಿದ್ದುಪಡಿ) ಬದಲಿಸಿದ್ದಾರೆಯೇ ಎಂದು ಕಂಟ್ರೋಲರಿನಲ್ಲಿ ನೋಡಿ, ಬದಲಿಸಿದ್ದರೆ ಸೊನ್ನೆಗೆ ತನ್ನಿ. ಇಲ್ಲದಿದ್ದರೆ ಈಗ ಸರಿಯಾದ ಸೆನ್ಸರ್ ತಪ್ಪು ಹೇಳತೊಡಗುತ್ತದೆ. ಹೆಚ್ಚುವರಿ ಗ್ಯಾಸನ್ನು ಗಾಳಿಗೆ ಬಿಡದೆ ರಿಕವರಿ ಯಂತ್ರದಿಂದ ಸಿಲಿಂಡರಿಗೆ ತೆಗೆದು ತೂಕ ಹಾಕಿಸಿ.

ಪೀಣ್ಯ_ಪಾಳಿ:

ಆಫ್‌ಸೆಟ್ ಸೊನ್ನೆಯಲ್ಲೇ ಇತ್ತು. ಬೆಸುಗೆ ಹಾಕಿದ ಮೇಲೆ ಶೇ. 80 ಲೋಡಿನಲ್ಲಿ ವಾಲ್ವ್ ಶೇ. 54, ಸಕ್ಷನ್ ಪ್ರೆಶರ್ 2.3 ಬಾರ್, ಡಿಸ್‌ಪ್ಲೇಗೂ ಪ್ರೋಬಿಗೂ ಅರ್ಧ ಡಿಗ್ರಿಗಿಂತ ಕಡಿಮೆ ಅಂತರ. ತುಂಬಿಸಿದ್ದರಲ್ಲಿ 11.4 ಕೆ.ಜಿ. ಗ್ಯಾಸ್ ಹಿಂದಕ್ಕೆ ತೆಗೆಸಿದೆವು. ಕಂಡೆನ್ಸರ್ ಪ್ರೆಶರ್ 9.2ಕ್ಕೆ ಬಂದು ನಿಂತಿದೆ. ಒಂಬತ್ತು ದಿನಗಳಿಂದ ಟ್ರಿಪ್ ಇಲ್ಲ. ಪಾಳಿಯ ಲಾಗ್ ಪುಸ್ತಕದಲ್ಲಿ ಇದುವರೆಗೆ ಪ್ರೆಶರ್, ಉಷ್ಣಾಂಶ ಮಾತ್ರ ಬರೆಯುತ್ತಿದ್ದೆವು. ನಿನ್ನೆಯಿಂದ ವಾಲ್ವ್ ಶೇಕಡಾವಾರಿಗೂ ಒಂದು ಕಾಲಂ ಎಳೆಸಿದ್ದೇನೆ.