ಸಹಾಯ ಬೇಕು: ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಹಳೆಯ ಪಿಸ್ತೂಲು ಮದ್ದು

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಕಡೆಯ ನಮ್ಮ ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಅಟ್ಟ ಶುಚಿ ಮಾಡುವಾಗ ಸೇನೆಯಲ್ಲಿದ್ದ ಅಜ್ಜನ ಪೆಟ್ಟಿಗೆಯಲ್ಲಿ ಒಂದು ತಗಡಿನ ಡಬ್ಬ ಸಿಕ್ಕಿದೆ. ಮೇಲೆ 'ಬುಲ್ಸ್‌ಐ' ಎಂಬ ಮಾಸಿದ ಅಕ್ಷರ, ಅದು ಪಿಸ್ತೂಲಿನ ಸಿಡಿಮದ್ದಿನ ಹೆಸರು. ಮುಚ್ಚಳ ತುಸು ಸಡಿಲಿಸಿದಾಗ ಮೂಗಿಗೆ ಚುರುಗುಟ್ಟುವ ಹುಳಿ ವಾಸನೆ ಬಂತು. ಒಳ ಅಂಚಿನಲ್ಲಿ ಕೆಂಗಂದು ಪುಡಿ ಕೂತಿದೆ. ತಕ್ಷಣ ಮುಚ್ಚಿಬಿಟ್ಟೆ.

ಅಮೆರಿಕದಲ್ಲಿ ತಾನೇ ತೋಟಾ ತುಂಬಿಕೊಳ್ಳುವ ನಮ್ಮ ಭಾವನನ್ನು ಕೇಳಿದೆ. ಬುಲ್ಸ್‌ಐ 1898ರಿಂದಲೂ ಇರುವ ಮದ್ದು, ಇಂದಿಗೂ ಹೊಸದಾಗಿ ತಯಾರಾಗುತ್ತದೆ. ಟೈಟ್‌ಗ್ರೂಪ್‌ನಂತಹ ಈಚಿನ ಮದ್ದುಗಳು ಮಸಿ ಕಡಿಮೆ ಬಿಡುತ್ತವೆ ಎಂದರು. ಆದರೆ ಹುಳಿ ವಾಸನೆ ಬಂದರೆ ಮದ್ದು ಕೆಟ್ಟಿದೆ ಎಂದೇ ಅರ್ಥ, ಅದು ತಾನಾಗಿಯೇ ಹೊತ್ತಿಕೊಳ್ಳಲೂಬಹುದು ಎಂದು ಎಚ್ಚರಿಸಿದರು.

ನನಗೆ ನಿಜವಾದ ಭಯ ಬೇರೆ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ (ಕೊಡವರ ಆಯುಧಪೂಜೆಯ ಹಬ್ಬ) ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಪೂಜಿಸುವ ಹಳೆಯ ಕೇಪಿನ ಕೋವಿ (ಬಾಯಿಂದ ಮದ್ದು ತುಂಬುವಂಥದ್ದು) ನಮ್ಮಲ್ಲಿದೆ. ನನ್ನ ತಮ್ಮ ಈ ಮದ್ದನ್ನೇ ಅದಕ್ಕೆ ಹಾಕೋಣ ಎನ್ನುತ್ತಾನೆ. ಆ ನಳಿಗೆ ಇದ್ದಿಲು, ಗಂಧಕ, ಪೆಟ್ಲುಪ್ಪಿನ ಕರಿಮದ್ದಿಗೆ ಮಾಡಿದ್ದು. ಬುಲ್ಸ್‌ಐನಂತಹ ಹೊಗೆಯಿಲ್ಲದ ಮದ್ದಿನ ಹೆಚ್ಚಿನ ಒತ್ತಡಕ್ಕೆ ಸಿಡಿದರೆ ಹಿಡಿದವನ ಕೈ, ಕಣ್ಣು ಉಳಿಯುವುದಿಲ್ಲ. ಕೊಡವರಿಗೆ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ ನಿಜ, ಕಬ್ಬಿಣಕ್ಕೆ ಆ ವಿನಾಯಿತಿ ಗೊತ್ತಿಲ್ಲ.

ಇಂಥ ಮದ್ದನ್ನು ಪೊಲೀಸರಿಗೆ ಒಪ್ಪಿಸಿದವರು ಇದ್ದೀರಾ? ಠಾಣೆಗೆ ಒಯ್ಯದೆ ಅವರನ್ನೇ ಮನೆಗೆ ಕರೆಸುವುದು ಹೇಗೆ? ಕೋವಿಯ ನಳಿಗೆ ಪರೀಕ್ಷಿಸುವ ಪರವಾನಗಿ ಇರುವ ಕುಶಲಕರ್ಮಿ ಮಡಿಕೇರಿ ಅಥವಾ ಗೋಣಿಕೊಪ್ಪದಲ್ಲಿದ್ದರೆ ದಯವಿಟ್ಟು ತಿಳಿಸಿ. ಡಬ್ಬವನ್ನು ಸದ್ಯ ಮನೆಯಿಂದ ದೂರ, ತೋಟದ ನೆರಳಿನಲ್ಲಿ ಇಟ್ಟಿದ್ದೇನೆ.