ಫ್ಲೈ ಲೈನಿಗೆ ಗುರುತು ಹಾಕಬೇಕು, ಕೋಟಿಂಗ್ ಹಾಳಾಗಬಾರದು

ತುಂಗೆದಡ (ತೀರ್ಥಹಳ್ಳಿ)
ಫ್ಲೈ ಫಿಶಿಂಗ್‌ಗೆ (ಹಗುರವಾದ ನಕಲಿ ಹುಳುವನ್ನು ದಪ್ಪ ದಾರದ ತೂಕದಿಂದಲೇ ಬೀಸಿ ಮೀನು ಹಿಡಿಯುವುದು) ಅಂತ ನನ್ನ ಹತ್ತಿರ ಮೂರು ಫ್ಲೋಟಿಂಗ್ ಲೈನ್, ಅಂದರೆ ನೀರಲ್ಲಿ ತೇಲುವ ದಾರ ಇವೆ: ತೂಕದ ಲೆಕ್ಕದಲ್ಲಿ 5, 6 ಮತ್ತು 8ನೇ ನಂಬರ್. ಮೂರೂ ತಿಳಿ ಹಸಿರು. ಮಳೆಗಾಲದಲ್ಲಿ ಡಬ್ಬಗಳಿಗೆ ಬೂಷ್ಟು ಹಿಡಿದು ಲೇಬಲ್ ಕಿತ್ತು ಹೋಗಿದೆ, ಈಗ ಯಾವುದು ಯಾವುದು ಅಂತ ಗೊತ್ತಾಗ್ತಿಲ್ಲ. ಬ್ಯಾಕಿಂಗಿಗೂ (ರೀಲಿನಲ್ಲಿ ಫ್ಲೈ ಲೈನಿನ ಹಿಂದೆ ಕಟ್ಟುವ ತೆಳು ದಾರ) ಗುರುತು ಬೇಕು, ಮೀನು ಎಳೆದುಕೊಂಡು ಓಡುವಾಗ ಎಷ್ಟು ಹೋಯಿತು ಅಂತ ತಿಳಿಯಬೇಕಲ್ಲ. ಮನೆಯಲ್ಲಿ ನೇಲ್ ಪಾಲಿಶ್ ಹಚ್ಚು ಅಂತಾರೆ. ಹಚ್ಚಬಹುದಾ?

ಕಾನುಗಾಳ (ಸಾಗರ)
ನೇಲ್ ಪಾಲಿಶ್ ಬೇಡ ಮಾರಾಯ್ರೇ. ಹೆಚ್ಚಿನ ಫ್ಲೈ ಲೈನ್ ಅಂದರೆ ಒಳಗೆ ನೈಲಾನ್ ಹೆಣಿಗೆ, ಮೇಲೆ ಪಿವಿಸಿ ಪದರ. ಆ ಪದರ ಮೆತ್ತಗಿರುವುದು ಅದರೊಳಗಿನ ಪ್ಲಾಸ್ಟಿಸೈಜರ್‌ನಿಂದ. ನೇಲ್ ಪಾಲಿಶ್, ಥಿನ್ನರ್, ಪೆಟ್ರೋಲ್ ತಾಗಿದರೆ ಪದರ ಹಾಳು, ಆಮೇಲೆ ಅಲ್ಲೇ ಬಿರುಕು ಬಿಡುತ್ತದೆ. ಸೊಳ್ಳೆಗೆ ಹಚ್ಚುವ ಡೀಟ್ ಇರುವ ಕ್ರೀಮೂ ಅಷ್ಟೇ, ಅದನ್ನು ಹಚ್ಚಿದ ಕೈಯಲ್ಲಿ ಲೈನ್ ಮುಟ್ಟಬೇಡಿ.

ಕಪ್ಪು ಪರ್ಮನೆಂಟ್ ಮಾರ್ಕರ್ ಸಾಕು. ಅದರಲ್ಲೂ ದ್ರಾವಕ ಇದೆ ನಿಜ, ಆದರೆ ಸಣ್ಣ ಗೆರೆಯಷ್ಟು ಹಾಕಿದರೆ ಬೇಗ ಆರಿ ಹೋಗುತ್ತದೆ, ಏನೂ ಆಗುವುದಿಲ್ಲ. ಮೊದಲು ಲೈನನ್ನು ಉಗುರುಬೆಚ್ಚಗಿನ ಸೋಪು ನೀರಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಅಮೆರಿಕದ ಫ್ಲೈ ಫಿಶಿಂಗ್ ಗುರು ಲೆಫ್ಟಿ ಕ್ರೇ ಹೇಳಿಕೊಟ್ಟ ಪದ್ಧತಿ ಸುಲಭ: ಉದ್ದ ಗೆರೆ ಅಂದರೆ 5, ಗಿಡ್ಡ ಗೆರೆ ಅಂದರೆ 1. 6ಕ್ಕೆ ಒಂದು ಉದ್ದ ಒಂದು ಗಿಡ್ಡ, 8ಕ್ಕೆ ಒಂದು ಉದ್ದ ಮೂರು ಗಿಡ್ಡ. ಲೀಡರ್ (ಲೈನಿನ ಮುಂದೆ ಕಟ್ಟುವ ತೆಳು ದಾರ) ಕಟ್ಟುವ ತುದಿಯ ಹತ್ತಿರ ಹಾಕಿ, ರೀಲ್ ಬಿಚ್ಚದೆಯೇ ಕಾಣುತ್ತದೆ.

ಭದ್ರೆಮಗ
ಸ್ವಾಮಿ, ಯಾವುದು 6 ಯಾವುದು 8 ಅಂತ ಗೊತ್ತಿಲ್ಲದೆ ಗೆರೆ ಎಳೆದು ಏನು ಮಾಡ್ತೀರಿ? ಮೊದಲು ತೂಕ ಮಾಡಿ. ನಂಬರ್ ನಿಂತಿರುವುದೇ ಮುಂದಿನ 30 ಅಡಿಯ ತೂಕದ ಮೇಲೆ (ತೀರಾ ತುದಿಯ ಸಮ ದಪ್ಪದ ತುಂಡು ಬಿಟ್ಟು): 5ಕ್ಕೆ ಸುಮಾರು 9.1 ಗ್ರಾಂ, 6ಕ್ಕೆ 10.4, 8ಕ್ಕೆ 13.6. ಆಭರಣದಂಗಡಿಯ ತಕ್ಕಡಿ ಸಿಕ್ಕರೆ ಸಾಕು. ಈಗಿನ ಎಷ್ಟೋ ಲೈನ್‌ಗಳನ್ನು ಅರ್ಧ ನಂಬರ್ ಜಾಸ್ತಿಯೇ ಮಾಡುತ್ತಾರೆ, ಅದಕ್ಕೆ ಮೂರನ್ನೂ ಒಟ್ಟಿಗೆ ತೂಗಿ ಹೋಲಿಸಿ. 8 ಅಂತೂ ಬೇರೆಯಾಗಿ ನಿಲ್ಲುತ್ತದೆ, 5 ಮತ್ತು 6 ಹತ್ತಿರ ಇರಬಹುದು.

ಮಳೆನಾಡಿಗ_ಕೊಪ್ಪ
ಬ್ಯಾಕಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಡಾಕ್ರಾನ್ (ಹೆಣೆದ ಪಾಲಿಯೆಸ್ಟರ್ ದಾರ) ಆದರೆ ಅದಕ್ಕೆ ಪಿವಿಸಿ ಪದರದ ಗೊಡವೆಯೇ ಇಲ್ಲ, ಮಾರ್ಕರ್ ಮಸಿ ಚೆನ್ನಾಗಿ ಹೀರುತ್ತದೆ. ಫ್ಲೈ ಲೈನ್ ಕಡೆಯಿಂದ ಅಳೆದು 25 ಮೀಟರಿಗೆ ಒಂದು ಪಟ್ಟಿ, 50ಕ್ಕೆ ಎರಡು. ಗುರುತಿಗೆ ಅಂತ ಗಂಟು ಮಾತ್ರ ಹಾಕಬೇಡಿ, ಜೋರಾಗಿ ಎಳೆದಾಗ ದಾರ ತುಂಡಾಗುವುದು ಅಲ್ಲೇ. ಜೆಲ್‌ಸ್ಪನ್ (ತೆಳುವಾದರೂ ಗಟ್ಟಿಯಾದ ಪಾಲಿಥೀನ್ ದಾರ) ಆಗಿದ್ದರೆ ಮಸಿ ನಿಲ್ಲುವುದಿಲ್ಲ, ನುಣುಪು. ಅದಕ್ಕೆ ಕೆಂಪು ಪಾಲಿಯೆಸ್ಟರ್ ಹೊಲಿಗೆ ದಾರ ತೆಳ್ಳಗೆ ಸುತ್ತಿ ತುದಿಯನ್ನು ಸುತ್ತಿನೊಳಗೇ ಸಿಕ್ಕಿಸಿ. ಅಂಟು ಹಾಕಿದರೆ ಗಟ್ಟಿ ಉಂಡೆಯಾಗಿ ರಾಡಿನ ಬಳೆಗಳಲ್ಲಿ ತಾಗುತ್ತದೆ.

ಅಂದಹಾಗೆ ತೀರ್ಥಹಳ್ಳಿಯವರು ಅಂದಿದ್ದೀರಿ, ಚಿಪ್ಪಲಗುಡ್ಡೆ ಮತ್ಸ್ಯಧಾಮದ ಕಡೆ ಮಾತ್ರ ರಾಡು ತೆಗೆಯಬೇಡಿ, ಸುಮ್ನೆ ಹೇಳ್ತಿದ್ದೇನೆ.

ತುಂಗೆದಡ (ತೀರ್ಥಹಳ್ಳಿ)
ಛೇ, ಅಲ್ಲಿ ಯಾರು ಹೋಗ್ತಾರೆ! ನಾನು ಸ್ನೇಹಿತರ ತೋಟದ ಕೆರೆಗೆ ಹೋಗುವುದು. ಇನ್ನೊಂದು ಪ್ರಶ್ನೆ: ಮಬ್ಬುಗತ್ತಲಲ್ಲಿ ಗೆರೆ ಕಾಣುವುದಿಲ್ಲ. 30 ಅಡಿ ಹೊರಗೆ ಹೋಗಿದೆ ಅಂತ ಕೈಗೇ ತಿಳಿಯುವ ದಾರಿ ಇದೆಯಾ?

ಕಾನುಗಾಳ (ಸಾಗರ)
ಇದೆ. ತೆಳು ತಂಗೂಸಿನಿಂದ ಲೈನಿನ ಮೇಲೆ ಒಂದು ನೇಲ್ ನಾಟ್ (ಲೈನಿನ ಸುತ್ತ ಸುತ್ತಿ ಬಿಗಿಯುವ ಗಂಟು) ಹಾಕಿ, ಬೆರಳಿಗೆ ಸಿಗುತ್ತದೆ. ಬಿಗಿ ಮಾತ್ರ ಹದವಾಗಿರಲಿ, ಜಾಸ್ತಿ ಎಳೆದರೆ ತಂಗೂಸು ಕೋಟಿಂಗ್ ಒಳಗೇ ಕೊರೆಯುತ್ತದೆ. ತುದಿಗಳನ್ನು ಒತ್ತಿ ಕತ್ತರಿಸಿ. ಗಂಟನ್ನು ಸರಿಯಾಗಿ 30 ಅಡಿಗೆ ಹಾಕಬೇಡಿ, ರಾಡಿನ ಉದ್ದವನ್ನೂ ಕೂಡಿಸಿಕೊಳ್ಳಿ. 9 ಅಡಿ ರಾಡು ಆದರೆ 39 ಅಡಿ ಹತ್ತಿರ ಹಾಕಿದರೆ ಗಂಟು ಕೈಗೆ ಬಂದಾಗ ರಾಡಿನ ತುದಿಯಿಂದಾಚೆ 30 ಅಡಿ ಇರುತ್ತದೆ.