ಹೊನ್ನೆ ಬಾಗಿಲಿಗೆ ಸ್ಯಾಂಡರ್ ಹಿಡಿದರೆ ಸುರುಳಿ ಗೀರುಗಳು ಮೂಡುತ್ತಿವೆ, ತಪ್ಪು ಎಲ್ಲಿದೆ?

ಪ್ರಶ್ನೆ:
ತೀರ್ಥಹಳ್ಳಿ ಸಮೀಪದ ನಮ್ಮ ಹಳೆಯ ಮನೆಯ ಹೊನ್ನೆ ಮರದ ಹೆಬ್ಬಾಗಿಲಿಗೆ ಅಜ್ಜನ ಕಾಲದಿಂದ ಬಳಿದ ನಾಲ್ಕೈದು ಪದರ ಬಣ್ಣವಿದೆ. ಅದನ್ನು ತೆಗೆದು ಪಾಲಿಶ್ ಮಾಡಬೇಕೆಂದು 125 ಮಿಲಿಮೀಟರ್ ತಟ್ಟೆಯ ರ‍್ಯಾಂಡಮ್ ಆರ್ಬಿಟ್ ಸ್ಯಾಂಡರ್ (ತಟ್ಟೆ ತಿರುಗುತ್ತಲೇ ಸಣ್ಣ ವೃತ್ತಗಳಲ್ಲಿ ಓಲಾಡಿ ಉಜ್ಜುವ ವಿದ್ಯುತ್ ಯಂತ್ರ) ಕೊಂಡೆ. ಬಣ್ಣ ಮೊದಲೇ ಉದುರಿದ್ದ ಕೆಳಹಲಗೆಯ ಮೇಲೆ ಪರೀಕ್ಷಿಸಿದಾಗ ಉಗುರಿನಿಂದ ಗೀಚಿದಂತೆ ಸಣ್ಣ ಸುರುಳಿ ಗೀರುಗಳು ಮೂಡಿದವು. ಸ್ವಲ್ಪ ಹೊತ್ತಿಗೇ ತಟ್ಟೆ ಬಿಸಿಯಾಗಿ ಸ್ಯಾಂಡ್‌ಪೇಪರ್ ಕಳಚಿ ಹಾರಿತು. ಗಾಳಿಕಿಂಡಿಯೊಳಗೆ ಆಗಾಗ ಕಿಡಿಯೂ ಕಾಣುತ್ತದೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ನೀಡಬೇಕು.

ಉತ್ತರ 1:
ನಿಂತ ಬಾಗಿಲನ್ನೇ ಉಜ್ಜಿದ್ದೀರೆಂದು ತೋರುತ್ತದೆ. ಹಾಗೆ ಮಾಡುವಾಗ ಕೈ ತನಗರಿವಿಲ್ಲದೆ ಯಂತ್ರವನ್ನು ಒತ್ತುತ್ತದೆ; ಒತ್ತಿದಷ್ಟೂ ತಟ್ಟೆಯ ಸುತ್ತಾಟ ನಿಧಾನವಾಗಿ ಗೀರು ಬೀಳುತ್ತದೆ ಮತ್ತು ಆ ಶಾಖಕ್ಕೆ ತಟ್ಟೆಯ ವೆಲ್ಕ್ರೊ ಕೊಕ್ಕೆಗಳು ಕರಗಿ ಹಿಡಿತ ಕಳೆದುಕೊಳ್ಳುತ್ತವೆ. ಇಬ್ಬರು ಸೇರಿ ಬಾಗಿಲನ್ನು ಕಳಚಿ ಮಲಗಿಸಿಕೊಳ್ಳಿ. ಯಂತ್ರದ ಸ್ವಂತ ಭಾರವೇ ಸಾಕು. ತಟ್ಟೆಯನ್ನು ಮರದ ಮೇಲಿಟ್ಟ ನಂತರ ಸ್ವಿಚ್ ಹಾಕಿ, ಸೆಕೆಂಡಿಗೆ ಎರಡು-ಮೂರು ಸೆಂಟಿಮೀಟರ್ ವೇಗದಲ್ಲಿ ಮಾತ್ರ ಸರಿಸಿ. ಸ್ಯಾಂಡ್‌ಪೇಪರಿನ ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು; 80ರಿಂದ ನೇರವಾಗಿ 220ಕ್ಕೆ ಜಿಗಿದರೆ ಹಿಂದಿನ ಗೀರು ಉಳಿದೇ ಉಳಿಯುತ್ತದೆ. ನಡುವೆ 120, 180 ಬೇಕು. ಪ್ರತಿ ಹಂತಕ್ಕೂ ಮೊದಲು ಮರದ ಮೇಲೆ ಪೆನ್ಸಿಲ್‌ನಿಂದ ಅಡ್ಡಾದಿಡ್ಡಿ ಗೆರೆ ಎಳೆದು, ಅವೆಲ್ಲ ಅಳಿಯುವವರೆಗೆ ಉಜ್ಜುವುದು ನನ್ನ ರೂಢಿ. ಕಾಗದದ ತೂತುಗಳು ತಟ್ಟೆಯ ತೂತುಗಳಿಗೆ ಸರಿಹೊಂದದಿದ್ದರೆ ಧೂಳು ಒಳಗೆಳೆಯಲ್ಪಡದೆ ಅಡಿಯಲ್ಲೇ ಉಳಿದು ಗೀರುತ್ತದೆ. ಕಾಗದ ಬದಲಿಸುವಾಗ ಪ್ಲಗ್ ಕಳಚಿರಲಿ.

ಉತ್ತರ 2:
ಮೇಲಿನ ಸಲಹೆ ಬರಿಮರಕ್ಕೆ ಸರಿ, ಆದರೆ ಬಣ್ಣವಿರುವ ಭಾಗಕ್ಕೆ ದಯವಿಟ್ಟು ಯಂತ್ರ ಹಿಡಿಯಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅಜ್ಜನ ಕಾಲದ ಬಣ್ಣದಲ್ಲಿ ಸೀಸವಿದೆಯೆಂದೇ ಭಾವಿಸಿ ನಡೆಯುವುದು ಲೇಸು. ಒಣ ಉಜ್ಜುವಿಕೆಯಿಂದ ಅದು ನುಣ್ಣನೆಯ ಹುಡಿಯಾಗಿ ಜಗಲಿಯಲ್ಲಿ ಕೂರುತ್ತದೆ. ಅಂಬೆಗಾಲಿಡುವ ಮಗು ಅದೇ ಕೈಯನ್ನು ಬಾಯಿಗೆ ಹಾಕುತ್ತದೆ. ಬಯಲಿನಲ್ಲಿ, ಕೈಗವಸು ತೊಟ್ಟು, ಪೇಂಟ್ ರಿಮೂವರ್ ಹಚ್ಚಿ ಕೆರೆದು ತೆಗೆಯಿರಿ. ಉಳಿದದ್ದಕ್ಕೆ ವಾಟರ್ ಪೇಪರ್ (ನೀರಿನಲ್ಲಿ ನೆನೆಸಿ ಬಳಸುವ ಉಜ್ಜುಕಾಗದ) ಹಿಡಿದು ಕೈಯಲ್ಲೇ ಒದ್ದೆಯಾಗಿ ಉಜ್ಜಿ. ವಿದ್ಯುತ್ ಯಂತ್ರದ ಬಳಿ ನೀರು ಸುಳಿಯಬಾರದು. ಬರಿಮರದ ಧೂಳೂ ನಿರುಪದ್ರವಿಯಲ್ಲ, ಅದು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿದೆ. ಕರವಸ್ತ್ರ ಸಾಲದು, ಎನ್‌95 ಮಾಸ್ಕ್ ಬೇಕು.

ಪ್ರಶ್ನೆ ಕೇಳಿದವರು:
ಸೀಸದ ವಿಚಾರ ಹೊಳೆದಿರಲೇ ಇಲ್ಲ. ಮನೆಯಲ್ಲಿ ತಂಗಿಯ ಎರಡು ವರ್ಷದ ಮಗಳಿದ್ದಾಳೆ. ಬಾಗಿಲನ್ನು ಅಡಿಕೆ ಅಂಗಳಕ್ಕೆ ಸಾಗಿಸುತ್ತೇನೆ. ಕಿಡಿಯ ಬಗ್ಗೆ ಯಾರಾದರೂ ಹೇಳುವಿರಾ?

ಉತ್ತರ 3:
ಅಡಿಕೆ ಒಣಗಿಸುವ ಅಂಗಳವೂ ಬೇಡ, ಆ ಹುಡಿ ಅಲ್ಲಿಯೂ ಉಳಿಯುತ್ತದೆ. ಹಿತ್ತಿಲಿನಲ್ಲಿ ದಪ್ಪ ಪ್ಲಾಸ್ಟಿಕ್ ಹಾಸಿ, ಕೆಲಸ ಮುಗಿದ ಮೇಲೆ ಕೆರೆದದ್ದರ ಸಮೇತ ಸುತ್ತಿ ತೆಗೆಯಿರಿ. ಕಿಡಿಯ ವಿಚಾರ: ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಇಂಗಾಲದ ತುಂಡು) ಇರುವ ಮೋಟಾರಿನಲ್ಲಿ ಸಣ್ಣ ನೀಲಿ ಕಿಡಿ ಸಹಜ. ಅದು ಕಿತ್ತಳೆ ಬಣ್ಣಕ್ಕೆ ತಿರುಗಿ ಉಂಗುರದಂತೆ ಸುತ್ತಿದರೆ ಬ್ರಷ್ ಸವೆದಿರಬಹುದು. ಒಂದನ್ನೇ ಅಲ್ಲ, ಜೋಡಿಯನ್ನೇ ಬದಲಿಸಬೇಕು. ನಿಮ್ಮದು ಹೊಸ ಯಂತ್ರವಾದ್ದರಿಂದ ಬಿಚ್ಚದೆ ವಾರಂಟಿಯಲ್ಲೇ ತೋರಿಸಿ. ಧೂಳುಚೀಲ ಅರ್ಧ ತುಂಬುವಷ್ಟರಲ್ಲಿ ಖಾಲಿ ಮಾಡಿ, ರಾತ್ರಿ ಹಾಗೆಯೇ ಬಿಡಬೇಡಿ; ಪಾಲಿಶ್ ಎಣ್ಣೆ ಬೆರೆತ ಹುಡಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವುದುಂಟು.